ಭಂಗಾರದಲ್ಲಿ ಬಂಗಾರ

(ಆಗಮನ ಕಾಲದ ಮೂರನೆಯ ಭಾನುವಾರ, ಕ್ರಿಸ್ಮಸ್ ಸಿದ್ಧತೆಯ ಕುಟುಂಬ ಕೂಟದಲ್ಲಿ ನೀಡಿದ ಪ್ರಬೋಧನೆ)

ವಾಚನಗಳು: ಚೆಫನ್ಯ 3:14-18, ಫಿಲಿಪ್ಪಿ 4:4-7, ಲೂಕ 3:10-18



ಬೀದರ ನಗರ, ಭಾಲ್ಕಿ, ಔರಾದ ಹಾಗೂ ಸುತ್ತಲಿನ ಹಳ್ಳಿಗಳಿಂದ ಈ ಚಳಿಯಲ್ಲಿ ಬೆಳಿಗ್ಗೆಯೇ ಎದ್ದು ಬಂದಿದ್ದೀರಿ. ಡಿಸೆಂಬರಿನಲ್ಲಿ ನಮ್ಮ ಬೀದರಿನ ಚಳಿ ಎಂಥದೆಂದು ನಿಮಗೆ ಹೇಳಬೇಕಾಗಿಲ್ಲ. ಮಕ್ಕಳು ಕಿವಿಗೆ ಮಫ್ಲರ್ ಸುತ್ತಿಕೊಂಡು, ತಾಯಂದಿರು ಶಾಲು ಹೊದ್ದುಕೊಂಡು, ಟಂಟಂನಲ್ಲಿ, ಬಸ್ಸಿನಲ್ಲಿ ಬಂದು ಸೇರಿದ್ದೀರಿ.

ಬರುವಾಗ ಮನೆಯಲ್ಲಿ ಖಾಲಿಯಾದ ಒಂದು ಡಬ್ಬಿ ತನ್ನಿರೆಂದು ಎಲ್ಲ ಊರುಗಳಿಗೂ ಹೇಳಿ ಕಳಿಸಿದ್ದೆ. ಕೆಲವರು ಧೈರ್ಯವಾಗಿ ತಂದು ಪೀಠದ ಮೆಟ್ಟಿಲ ಮುಂದೆ ಇಟ್ಟಿದ್ದೀರಿ. ಕೆಲವರು ಇನ್ನೂ ಸೆರಗಿನ ಮರೆಯಲ್ಲಿ, ಚೀಲದ ತಳದಲ್ಲಿ ಮುಚ್ಚಿಟ್ಟುಕೊಂಡಿದ್ದೀರಿ. ದೇವರ ಮನೆಗೆ ಖಾಲಿ ಡಬ್ಬಿ ತರುವುದು ಹೇಗೆ ಎಂಬ ನಾಚಿಕೆ ಇರಬಹುದು. ನಾಚಿಕೆ ಬೇಡ. ಅಡುಗೆ ಎಣ್ಣೆಯ ತಗಡಿನ ಡಬ್ಬ, ಹಾಲಿನ ಪುಡಿಯ ಡಬ್ಬಿ, ಪೌಡರ್ ಡಬ್ಬಿ, ಮೊಸರಿನ ಕಪ್ಪು, ತಂಪು ಪಾನೀಯದ ಬಾಟಲಿ, ಮಿಠಾಯಿಯ ರಟ್ಟಿನ ಪೆಟ್ಟಿಗೆ, ಎಲ್ಲವೂ ಇಲ್ಲಿವೆ. ಪೂಜೆಯ ನಂತರ ಇವುಗಳಿಂದಲೇ ನಾವು ನಕ್ಷತ್ರ, ದೀಪ, ಗೋದಲಿಗಳನ್ನು ಮಾಡಲಿದ್ದೇವೆ. ಯಾಕೆ ಮಾಡಬೇಕು ಎಂಬುದನ್ನು ಮೊದಲು ಯೋಚಿಸೋಣ.

ನಾವು ಏನು ಮಾಡಬೇಕು?

ಇಂದು ಆನಂದದ ಭಾನುವಾರ. ಗುರುಗಳ ಉಡುಪು ಗುಲಾಬಿ ಬಣ್ಣಕ್ಕೆ ತಿರುಗುವ ದಿನ. ಮೊದಲನೆಯ ವಾಚನದಲ್ಲಿ ಪ್ರವಾದಿ ಚೆಫನ್ಯರು ಸಿಯೋನಿನ ಮಗಳಿಗೆ ಹರ್ಷಿಸಲು ಹೇಳುತ್ತಾರೆ. ಎರಡನೆಯದರಲ್ಲಿ ಸಂತ ಪೌಲರು ಸದಾ ಆನಂದಿಸಲು ಹೇಳುತ್ತಾರೆ. ಅದೇ ಧಾಟಿಯಲ್ಲಿ ಶುಭಸಂದೇಶವೂ ಹಾಡು ಕುಣಿತದ ಬಗ್ಗೆ ಇರಬಹುದೆಂದು ಕಾದರೆ, ಅಲ್ಲಿ ಬರುವುದು ಅಂಗಿಯ ಮಾತು, ಊಟದ ಮಾತು, ಸಂಬಳದ ಮಾತು!

ಸ್ನಾನಿಕ ಯೊವಾನ್ನರ ಬಳಿಗೆ ಮೂರು ಗುಂಪುಗಳು ಬರುತ್ತವೆ. ಮೊದಲು ಸಾಮಾನ್ಯ ಜನ, ಆಮೇಲೆ ಸುಂಕ ವಸೂಲಿ ಮಾಡುವವರು, ಕೊನೆಗೆ ಸೈನಿಕರು. ಮೂವರ ಪ್ರಶ್ನೆಯೂ ಒಂದೇ: ನಾವು ಏನು ಮಾಡಬೇಕು? ಯೊವಾನ್ನರು ಅವರಿಗೆ ದೊಡ್ಡ ವ್ರತಗಳನ್ನು ಹೇಳಲಿಲ್ಲ. ದೂರದ ಯಾತ್ರೆಗೆ ಕಳಿಸಲಿಲ್ಲ. ಎರಡು ಅಂಗಿ ಇದ್ದವನು ಒಂದೂ ಇಲ್ಲದವನಿಗೆ ಒಂದನ್ನು ಕೊಡಲಿ ಎಂದರು. ನೇಮಿಸಿದ್ದಕ್ಕಿಂತ ಹೆಚ್ಚು ಕಸಿಯಬೇಡಿ ಎಂದರು. ಬರುವ ಸಂಬಳದಲ್ಲಿ ತೃಪ್ತರಾಗಿರಿ ಎಂದರು. ಅಂದರೆ ಪ್ರಭುವಿನ ದಾರಿ ನಮ್ಮ ಮನೆಯ ಗೂಟಕ್ಕೆ ನೇತುಹಾಕಿದ ಅಂಗಿಯಿಂದ, ಅಡುಗೆ ಮನೆಯ ಡಬ್ಬಿಗಳ ಸಾಲಿನಿಂದ ಶುರುವಾಗುತ್ತದೆ. ಆನಂದದ ಬಾಗಿಲು ಇರುವುದೂ ಅಲ್ಲೇ.

ಪ್ರಿಯರೇ, ಡಿಸೆಂಬರ್ ಬಂತೆಂದರೆ ನಮ್ಮ ಮನೆಗಳಲ್ಲಿ ಯಾವ ಪ್ರಶ್ನೆ ಕೇಳಿಬರುತ್ತದೆ? ‘ಏನು ಮಾಡಬೇಕು’ ಎಂದಲ್ಲ, ‘ಏನು ಕೊಳ್ಳಬೇಕು’ ಎಂದು. ಯಾವ ನಕ್ಷತ್ರ ಕೊಳ್ಳೋಣ, ಎಷ್ಟು ಲೈಟಿನ ಸರ ಕೊಳ್ಳೋಣ, ಪಕ್ಕದ ಮನೆಯವರು ಎಷ್ಟು ದೊಡ್ಡ ಗೋದಲಿ ತಂದಿದ್ದಾರೆ? ಹಬ್ಬ ಸಿಂಗಾರವಾಗಬೇಕು, ನಿಜ. ಮಗು ಹುಟ್ಟುವ ಮನೆಯನ್ನು ಸಾರಿಸಿ ಸಿಂಗರಿಸದೆ ಯಾರಿರುತ್ತಾರೆ? ಆದರೆ ಆ ಸಿಂಗಾರ ಹೇಗಿರಬೇಕೆಂದು ಮೊದಲ ಕ್ರಿಸ್ಮಸ್ಸೇ ನಮಗೆ ತೋರಿಸಿಕೊಟ್ಟಿದೆ.

ಗೋದಲಿ ಎಂದರೇನು?

ಬೆತ್ಲೆಹೇಮಿನಲ್ಲಿ ಛತ್ರದಲ್ಲಿ ಜಾಗ ಸಿಗಲಿಲ್ಲ. ಮಾತೆ ಮರಿಯಮ್ಮನವರು ಮಗುವನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದರು. ಗೋದಲಿ ಎಂದರೆ ಇವತ್ತು ನಮಗೆ ಕ್ರಿಸ್ಮಸ್ಸಿನ ಒಂದು ಚೆಂದದ ಪದ. ಆದರೆ ಮನೆಯಲ್ಲಿ ಎತ್ತು, ಎಮ್ಮೆ ಇರುವವರನ್ನು ಕೇಳಿ. ನಮ್ಮ ಹಳ್ಳಿಯ ಹಿರಿಯರು ‘ಗ್ವಾದಲಿ’ ಅಂತಾರಲ್ಲ, ಅದು ದನಗಳು ಮೇವು ತಿನ್ನುವ ಜಾಗ. ದನದ ಜೊಲ್ಲು ಸುರಿದಿರುವ, ಹೊಟ್ಟು ಅಂಟಿರುವ, ಮೂಲೆಯಲ್ಲಿ ಸವೆದಿರುವ ಒಂದು ಪಾತ್ರೆ. ಅದನ್ನು ಮಗುವಿಗೆಂದು ಯಾರೂ ಮಾಡಿರಲಿಲ್ಲ. ಸಂತ ಜೋಸೆಫರು ಬಡಗಿ. ನಜರೇತಿನಲ್ಲೇ ಇದ್ದಿದ್ದರೆ ಹುಟ್ಟುವ ಮಗುವಿಗೆ ತಮ್ಮ ಕೈಯಾರೆ ಒಂದು ತೊಟ್ಟಿಲು ಮಾಡುತ್ತಿದ್ದರೇನೋ. ಆದರೆ ಆ ರಾತ್ರಿ ಕೈಗೆ ಸಿಕ್ಕಿದ್ದು ಬೇರೆ ಉಪಯೋಗದ ಈ ಪಾತ್ರೆ. ಅದನ್ನೇ ಒರೆಸಿ, ಅದರಲ್ಲೇ ಹುಲ್ಲು ಹಾಸಿ, ಲೋಕರಕ್ಷಕರನ್ನು ಮಲಗಿಸಿದರು. ಕುರುಬರಿಗೆ ದೂತರು ಕೊಟ್ಟ ಗುರುತು ಕೂಡ ಅದೇ. ಅರಮನೆಯಲ್ಲ, ಬೆಳ್ಳಿಯ ತೊಟ್ಟಿಲಲ್ಲ, ಗೋದಲಿ.

ಹಾಗಾದರೆ ಮೊದಲ ಕ್ರಿಸ್ಮಸ್ಸಿನ ಮೊದಲ ಸಿಂಗಾರ ಯಾವುದು? ಒಂದು ಹಳೆಯ ಪಾತ್ರೆಯ ಹೊಸ ಉಪಯೋಗ.

ಅಸ್ಸಿಸಿಯ ಸಂತ ಫ್ರಾನ್ಸಿಸರು ಇದನ್ನು ಚೆನ್ನಾಗಿ ಅರಿತಿದ್ದರು. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅವರು ಕ್ರಿಸ್ಮಸ್ ಆಚರಿಸಿದಾಗ ಸಿದ್ಧಪಡಿಸಲು ಹೇಳಿದ್ದು ಏನು? ಒಂದು ಗೋದಲಿ, ಒಂದಿಷ್ಟು ಹುಲ್ಲು, ಒಂದು ಎತ್ತು, ಒಂದು ಕತ್ತೆ. ಬಣ್ಣದ ಪ್ರತಿಮೆಗಳು ಅಲ್ಲಿರಲಿಲ್ಲ. ಊರಿನ ಬಡವರು ಪಂಜು, ಮೇಣದ ಬತ್ತಿ ಹಿಡಿದು ಬಂದರು. ಆ ಗೋದಲಿಯ ಬಳಿಯೇ ಬಲಿಪೂಜೆ ನಡೆಯಿತು. ನಮ್ಮ ಮನೆ ಮನೆಗಳ ಗೋದಲಿಯ ಸಂಪ್ರದಾಯಕ್ಕೆ ಆ ರಾತ್ರಿಯೇ ಮೂಲವೆಂದು ಧರ್ಮಸಭೆ ಸ್ಮರಿಸುತ್ತದೆ. ಜಗದ್ಗುರು ಫ್ರಾನ್ಸಿಸರು 2019ರ ಡಿಸೆಂಬರ್ 1ರಂದು ಅದೇ ಗ್ರೆಚ್ಚೊ ಊರಿಗೆ ಹೋಗಿ ಗೋದಲಿಯ ಅರ್ಥದ ಬಗ್ಗೆ ಒಂದು ಪತ್ರಕ್ಕೆ ಸಹಿ ಹಾಕಿದರು. ಮನೆಗಳಲ್ಲಿ, ಶಾಲೆಗಳಲ್ಲಿ, ಆಸ್ಪತ್ರೆಗಳಲ್ಲಿ ಈ ರೂಢಿ ಉಳಿಯಲಿ, ಮರೆತಿದ್ದರೆ ಮತ್ತೆ ಶುರುವಾಗಲಿ ಎಂದು ಅದರಲ್ಲಿ ಆಶಿಸಿದರು. ಗೋದಲಿಯನ್ನು ಬಗೆಬಗೆಯ ವಸ್ತುಗಳಿಂದ ಮಾಡುವ ಜನರ ಕೈಚಳಕವನ್ನೂ ಮೆಚ್ಚಿಕೊಂಡರು.

ಇಂಥದನ್ನು ನಾವು ನೋಡಿಯೇ ಇಲ್ಲವೆಂದಲ್ಲ. ಎಳ್ಳಮಾವಾಸ್ಯೆ ಬಂದಾಗ ನಮ್ಮ ಅಕ್ಕಪಕ್ಕದ ರೈತರು ಹೊಲದಲ್ಲಿ ಜೋಳದ ಕಣಿಕೆಯಿಂದ ಒಂದು ಪುಟ್ಟ ಗೂಡು ಕಟ್ಟುತ್ತಾರೆ. ಅದರ ಮುಂದೆ ಕುಳಿತು ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಹಂಚಿಕೊಂಡು ಉಣ್ಣುತ್ತಾರೆ. ಆ ಗೂಡಿಗೆ ಯಾರೂ ದುಡ್ಡು ಕೊಡುವುದಿಲ್ಲ. ಹೊಲದಲ್ಲಿ ಬಿದ್ದಿದ್ದೇ ಅದಕ್ಕೆ ಸಾಮಾನು. ಆದರೂ ಅದರ ಮುಂದೆ ಕುಳಿತವರ ಸಂತೋಷಕ್ಕೆ ಏನಾದರೂ ಕೊರತೆಯಿದೆಯೇ?

ನಾನು ಕೊಟ್ಟ ಅಂಕ

ಈಗ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ. ನಾನು ಗುರುವಾದ ಹೊಸದರಲ್ಲಿ ಒಂದು ಧರ್ಮಕೇಂದ್ರದಲ್ಲಿದ್ದೆ. ಊರಿನ ಹೆಸರು ಬೇಡ. ಯುವಕರಿಗೆ ಹುರುಪು ಬರಲೆಂದು ಗೋದಲಿ ಸ್ಪರ್ಧೆ ಇಟ್ಟೆ. ಸೌಂದರ್ಯಕ್ಕೆ ಇಷ್ಟು, ಬೆಳಕಿನ ವ್ಯವಸ್ಥೆಗೆ ಇಷ್ಟು, ಅಚ್ಚುಕಟ್ಟಿಗೆ ಇಷ್ಟು ಎಂದು ಅಂಕ ಗೊತ್ತುಮಾಡಿ, ಇಬ್ಬರನ್ನು ಜೊತೆಗೆ ಕರೆದುಕೊಂಡು ಹಾಳೆ ಹಿಡಿದು ಮನೆ ಮನೆಗೆ ಹೊರಟೆ.

ಹಳ್ಳಿಯ ಕೊನೆಯಲ್ಲಿ ಪತ್ರಾ ಹೊದಿಸಿದ ಒಂದು ಮನೆ. ಒಳಗೆ ಎಣ್ಣೆಯ ತಗಡಿನ ಡಬ್ಬವನ್ನು ಒಂದು ಬದಿ ಕತ್ತರಿಸಿ ಅಡ್ಡ ಮಲಗಿಸಿದ್ದರು. ಅದೇ ಕೊಟ್ಟಿಗೆ. ಎರಡು ಪೌಡರ್ ಡಬ್ಬಿಗಳಿಗೆ ಹಳೆಯ ಸೀರೆಯ ಚೂರು ಸುತ್ತಿ ಮರಿಯಮ್ಮನವರನ್ನೂ ಜೋಸೆಫರನ್ನೂ ಮಾಡಿದ್ದರು. ಹೊಲದ ಕರಿ ಮಣ್ಣಿನಲ್ಲಿ ಮಾಡಿದ ಒಂದು ಕೂಸು ಒಡೆದ ತೆಂಗಿನ ಚಿಪ್ಪಿನಲ್ಲಿ ಮಲಗಿತ್ತು. ಮುಂದೆ ಒಂದು ಹಣತೆ. ಲೈಟಿಲ್ಲ, ನಕ್ಷತ್ರವಿಲ್ಲ. ನಾನು ನಿಂತೇ ನೋಡಿದೆ. ಹಾಳೆಯಲ್ಲಿ ಹತ್ತಕ್ಕೆ ಎರಡು ಎಂದು ಬರೆದೆ. ಇನ್ನೂ ಹತ್ತಾರು ಮನೆ ಇದ್ದವು, ಪ್ರಾರ್ಥನೆಯನ್ನೂ ಮಾಡದೆ ಹೊರಟೆ. ಆ ಮನೆಯ ತಾಯಿ ನನ್ನ ಮುಖ ನೋಡಿಯೇ ಅಂಕವನ್ನು ಓದಿಕೊಂಡಿರಬೇಕು. ಬಾಗಿಲವರೆಗೆ ಬಂದು, ‘ಏನೂ ತಿಳಕೋಬ್ಯಾಡ್ರಿ ಫಾದರ್, ಬರೋ ವರ್ಷ ಚಲೋತ್ನಂಗ ಮಾಡ್ತೀವ್ರಿ’ ಅಂದರು.

ಮರುವರ್ಷ ಹೋದಾಗ ಆ ಮನೆ ಬೆಳಗುತ್ತಿತ್ತು. ಪೇಟೆಯಿಂದ ತಂದ ಥರ್ಮೋಕೋಲಿನ ದೊಡ್ಡ ಗೋದಲಿ, ಬಣ್ಣದ ಪ್ಲಾಸ್ಟರ್ ಪ್ರತಿಮೆಗಳು, ಓಡುವ ಲೈಟಿನ ಸರ. ಆಗ ಥರ್ಮೋಕೋಲಿಗೆ ನಿಷೇಧವಿರಲಿಲ್ಲ. ನಾವು ಮೆಚ್ಚಿ ಮೊದಲ ಬಹುಮಾನ ಕೊಟ್ಟೆವು. ಬಹುಮಾನ ಏನು ಗೊತ್ತೇ? ಒಂದು ಸ್ಟೀಲಿನ ಡಬ್ಬ!

ತಪಸ್ಸು ಕಾಲದಲ್ಲಿ ಮನೆಗಳ ಭೇಟಿಗೆ ಹೋದಾಗ ಉಳಿದ ಕಥೆ ತಿಳಿಯಿತು. ಆ ತಾಯಿ ಸಂಘದಲ್ಲಿ ಸಾಲ ಎತ್ತಿ ಅದನ್ನೆಲ್ಲ ಕೊಂಡಿದ್ದರು. ವಾರದ ಕಂತು ತುಂಬಲು ಕಷ್ಟವಾಗಿ, ರಜೆ ಸಿಕ್ಕ ಕೂಡಲೇ ಹುಡುಗನನ್ನೂ ಅವನ ಅಪ್ಪನ ಜೊತೆ ಹೈದರಾಬಾದಿಗೆ ಕಟ್ಟಡದ ಕೂಲಿಗೆ ಕಳಿಸುವ ಮಾತು ನಡೆದಿತ್ತು. ನನಗೆ ಕುಳಿತಲ್ಲಿ ಕುಳಿತಿರಲಾಗಲಿಲ್ಲ. ಸುಮ್ಮನೆ ಮಾತು ಬದಲಿಸಲೆಂದು, ‘ಅಮ್ಮಾ, ಆ ಮೊದಲಿನ ವರ್ಷದ ಎಣ್ಣೆ ಡಬ್ಬದ ಗೋದಲಿ ಎಲ್ಲಿ?’ ಎಂದು ಕೇಳಿದೆ. ‘ಅದ್ರಾಗ ಏನಿತ್ರಿ ಫಾದರ್, ಭಂಗಾರದವ್ನಿಗೆ ಹಾಕಿದೆವ್ರಿ’ ಅಂದರು.

ನೀವೆಲ್ಲ ಬಲ್ಲಿರಿ, ನಮ್ಮ ಕಡೆ ಗುಜರಿಗೆ ಭಂಗಾರ ಎನ್ನುತ್ತಾರೆ. ಬಾಯಲ್ಲಿ ಒಂದಿಷ್ಟು ಉಸಿರು ಕಡಿಮೆಯಾದರೆ ಸಾಕು, ಅದೇ ಬಂಗಾರ. ಆ ಮನೆಯಲ್ಲಿ ಇದ್ದದ್ದು ಬಂಗಾರ. ಅದನ್ನು ಭಂಗಾರ ಮಾಡಿದ್ದು ನನ್ನ ಎರಡು ಅಂಕ. ಬೆತ್ಲೆಹೇಮಿಗೆ ಎಲ್ಲಕ್ಕಿಂತ ಹತ್ತಿರವಿದ್ದ ಗೋದಲಿಯನ್ನು ನಾನೇ ತೂಕಕ್ಕೆ ಹಾಕಿಸಿದ್ದೆ. ಆ ದಿನ ಆ ತಾಯಿಯ ಬಳಿ ಕ್ಷಮೆ ಕೇಳಿದೆ. ಕೆಲವರು ಕೂಡಿ ಆ ಸಾಲವನ್ನು ಹೇಗೋ ತೀರಿಸಿದೆವು, ಹುಡುಗ ಕೂಲಿಗೆ ಹೋಗಲಿಲ್ಲ. ಆದರೆ ಆ ಡಬ್ಬ ಮಾತ್ರ ಮತ್ತೆ ಸಿಗಲಿಲ್ಲ.

ಆಮೇಲಿನ ವರ್ಷದಿಂದ ನಾನು ಇರುವ ಕಡೆ ಸ್ಪರ್ಧೆಗೆ ಒಂದೇ ನಿಯಮ. ಹೊಸದಾಗಿ ಕೊಂಡದ್ದು ಏನೂ ಇರಕೂಡದು. ಅಂಕವೂ ಇಲ್ಲ. ಪ್ರತಿ ಗೋದಲಿಯ ಮುಂದೆ ಕುಳಿತು ಒಂದು ಜಪ, ಒಂದು ಹಾಡು.

ಖಾಲಿ ಪಾತ್ರೆಗಳ ತಾಯಿ

ಆ ತಾಯಿಯನ್ನು ನೆನೆದಾಗಲೆಲ್ಲ ನನಗೆ ಪವಿತ್ರ ಬೈಬಲಿನ ಇನ್ನೊಬ್ಬ ತಾಯಿ ನೆನಪಾಗುತ್ತಾರೆ. ಅರಸುಗಳ ಎರಡನೆಯ ಗ್ರಂಥದ 4ನೆಯ ಅಧ್ಯಾಯವನ್ನು ಇವತ್ತು ರಾತ್ರಿ ಮನೆಯಲ್ಲಿ ಓದಿ. ಗಂಡ ತೀರಿಕೊಂಡ ಬಡ ಹೆಂಗಸು. ಸಾಲಗಾರ ಬಂದು ಆಕೆಯ ಇಬ್ಬರು ಮಕ್ಕಳನ್ನು ಜೀತಕ್ಕೆ ಒಯ್ಯಲು ನಿಂತಿದ್ದಾನೆ. ಪ್ರವಾದಿ ಎಲೀಷರು ಆಕೆಯನ್ನು ಕೇಳುವ ಪ್ರಶ್ನೆ: ನಿನ್ನ ಮನೆಯಲ್ಲಿ ಏನಿದೆ? ಒಂದು ಸಣ್ಣ ಕುಡಿಕೆ ಎಣ್ಣೆ ಬಿಟ್ಟರೆ ಏನೂ ಇಲ್ಲ. ಹಾಗಾದರೆ ನೆರೆಯವರ ಮನೆಗಳಿಂದ ಖಾಲಿ ಪಾತ್ರೆಗಳನ್ನು ತಾ, ಹೆಚ್ಚು ಹೆಚ್ಚು ತಾ ಎನ್ನುತ್ತಾರೆ ಪ್ರವಾದಿ. ಮಕ್ಕಳು ಪಾತ್ರೆ ತಂದು ಕೊಡುತ್ತಿದ್ದಂತೆ ತಾಯಿ ಎಣ್ಣೆ ಸುರಿಯುತ್ತಾಳೆ. ಪಾತ್ರೆಗಳು ಮುಗಿದಾಗ ಎಣ್ಣೆಯೂ ನಿಲ್ಲುತ್ತದೆ. ಅದನ್ನು ಮಾರಿ ಸಾಲ ತೀರಿಸುತ್ತಾಳೆ. ಮಕ್ಕಳು ಮನೆಯಲ್ಲೇ ಉಳಿಯುತ್ತಾರೆ.

ಗಮನಿಸಿ, ದೇವರು ತುಂಬಿದ ಪಾತ್ರೆಗಳನ್ನು ಕೇಳಲಿಲ್ಲ, ಖಾಲಿಯವನ್ನು ಕೇಳಿದರು. ತುಂಬಿದ ಪಾತ್ರೆಯಲ್ಲಿ ದೇವರು ಏನನ್ನು ತಾನೆ ಸುರಿಯಲು ಸಾಧ್ಯ? ಯೇಸುಸ್ವಾಮಿ ಐದು ರೊಟ್ಟಿಗಳಿಂದ ಸಾವಿರಾರು ಜನರಿಗೆ ಉಣಬಡಿಸಿದ ಮೇಲೂ ಹೀಗೆಯೇ ಆಯಿತು. ಉಳಿದ ತುಂಡುಗಳನ್ನು ಕೂಡಿಸಿ, ಏನೂ ಹಾಳಾಗಬಾರದೆಂದು ಶಿಷ್ಯರಿಗೆ ಹೇಳಿದರು. ಹನ್ನೆರಡು ಬುಟ್ಟಿ ತುಂಬಿತು. ಬೇಕಾದಷ್ಟು ರೊಟ್ಟಿ ಸೃಷ್ಟಿಸಬಲ್ಲ ಪ್ರಭುವಿಗೇ ತುಂಡುಗಳ ಬಗ್ಗೆ ಅಷ್ಟು ಕಾಳಜಿ. ಹಾಗಿರುವಾಗ ನಾವು ಕೈಗೆ ಬಂದದ್ದನ್ನೆಲ್ಲ ರಸ್ತೆಗೆ ಎಸೆಯಬಹುದೇ?

ಹಬ್ಬದ ಮರುದಿನ

ಕ್ರಿಸ್ಮಸ್ಸಿನ ಸೌಂದರ್ಯವನ್ನು ಎಲ್ಲರೂ ನೋಡುತ್ತಾರೆ. ಮೂರು ರಾಯರ ಹಬ್ಬ ಮುಗಿದ ಮೇಲೆ ದೇವಾಲಯಗಳ ಹಿಂದೆ, ಮನೆಗಳ ಹಿತ್ತಲಿನಲ್ಲಿ ಏನಾಗುತ್ತದೆ ಎಂಬುದನ್ನೂ ನೋಡಬೇಕು. ಥರ್ಮೋಕೋಲಿನ ಗುಡ್ಡ, ಮಿಂಚಿನ ಕಾಗದ, ಹರಿದ ಪ್ಲಾಸ್ಟಿಕ್ ನಕ್ಷತ್ರ, ಎಲ್ಲವನ್ನೂ ಒಟ್ಟುಮಾಡಿ ಬೆಂಕಿ ಹಚ್ಚುತ್ತೇವೆ. ಕಪ್ಪು ಹೊಗೆ ಏಳುತ್ತದೆ. ಅದು ವಿಷದ ಹೊಗೆ. ಪಕ್ಕದಲ್ಲಿ ಮಕ್ಕಳು ಆಡುತ್ತಿರುತ್ತಾರೆ. ಸುಡದೆ ಬಿಟ್ಟದ್ದು ಕೊಳೆಯುವುದಿಲ್ಲ. ಪುಡಿಪುಡಿಯಾಗಿ ಗಾಳಿಗೆ ಹಾರಿ ಹೊಲಕ್ಕೆ, ಹಳ್ಳಕ್ಕೆ, ಕೊನೆಗೆ ಮಾಂಜ್ರಾ, ಕಾರಂಜಾ ನದಿಗಳಿಗೆ ಸೇರುತ್ತದೆ. ಉಳಿದ ಪ್ಲಾಸ್ಟಿಕ್ಕನ್ನು ಬೀದಿಯ ದನಗಳು ತಿನ್ನುತ್ತವೆ. ಗೋದಲಿಯಲ್ಲಿ ಬಾಲಯೇಸುವಿನ ಪಕ್ಕದಲ್ಲಿ ಎತ್ತಿಗೆ ಜಾಗ ಕೊಟ್ಟು ಕೈ ಮುಗಿದವರು ನಾವು. ಜನವರಿಯಲ್ಲಿ ಅದೇ ಎತ್ತಿನ ಹೊಟ್ಟೆಗೆ ನಮ್ಮ ಸಿಂಗಾರವನ್ನೇ ಹಾಕುತ್ತಿದ್ದೇವೆ.

ಸರ್ಕಾರವೂ ಇದನ್ನು ಕಂಡಿದೆ. ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧಿಸಲಾಗಿದೆ. ಆ ಪಟ್ಟಿಯಲ್ಲಿ ತಟ್ಟೆ, ಲೋಟ, ಚಮಚಗಳ ಜೊತೆಗೆ ಅಲಂಕಾರಕ್ಕೆ ಬಳಸುವ ಥರ್ಮೋಕೋಲ್ ಕೂಡ ಇದೆ. ಅಂದರೆ ಥರ್ಮೋಕೋಲಿನ ಗೋದಲಿ ಇಂದು ಕಾನೂನಿಗೂ ವಿರುದ್ಧ. ಆದರೆ ವಿಶ್ವಾಸಿಗಳಾದ ನಮಗೆ ಕಾನೂನಿನ ಹೆದರಿಕೆ ಮಾತ್ರ ಸಾಲದು. ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ ‘ಲೌದಾತೋ ಸೀ’ ಎಂಬ ವಿಶ್ವಪತ್ರದಲ್ಲಿ ಭೂಮಿಯನ್ನು ನಮ್ಮೆಲ್ಲರ ಮನೆ ಎಂದು ಕರೆದರು. ಬಳಸಿ ಬಿಸಾಡುವ ಸಂಸ್ಕೃತಿಯ ಬಗ್ಗೆ ಎಚ್ಚರಿಸಿದರು. ವಸ್ತುಗಳನ್ನು ಬಿಸಾಡುವ ಅಭ್ಯಾಸವಾದ ಕೈ ಮನುಷ್ಯರನ್ನೂ ಬಿಸಾಡಲು ಕಲಿಯುತ್ತದೆ. ಇದರ ಬಗ್ಗೆ ಮುಂದೆ ಹೇಳುತ್ತೇನೆ.

ಕೈ ಕೆಲಸಕ್ಕೆ ಬನ್ನಿ

‘ಹಾಗಾದರೆ ನಾವು ಏನು ಮಾಡಬೇಕು ಫಾದರ್?’ ಎಂದು ನೀವು ಯೊವಾನ್ನರ ಮುಂದೆ ನಿಂತ ಜನರ ಹಾಗೆ ಕೇಳಬಹುದು. ಪೂಜೆಯ ನಂತರ ಅಂಗಳದಲ್ಲಿ ಮಾಡೋಣ, ಈಗ ಸ್ವಲ್ಪ ಕೇಳಿಸಿಕೊಳ್ಳಿ.

ಎಣ್ಣೆಯ ದೊಡ್ಡ ಡಬ್ಬ ತಂದವರು ಅದನ್ನು ಮೊದಲು ಬೂದಿ ಹಾಕಿ ಉಜ್ಜಿ ಬಿಸಿ ನೀರಿನಲ್ಲಿ ತೊಳೆಯಿರಿ, ಜಿಡ್ಡು ಹೋಗುತ್ತದೆ. ಒಂದು ಬದಿಯನ್ನು ದೊಡ್ಡವರು ಕತ್ತರಿಸಬೇಕು, ಮಕ್ಕಳಲ್ಲ. ಕತ್ತರಿಸಿದ ಅಂಚನ್ನು ಇಕ್ಕಳದಿಂದ ಒಳಕ್ಕೆ ಮಡಿಸಿ ಬಡಿಯಿರಿ. ಈಗ ಕೊಟ್ಟಿಗೆ ಸಿದ್ಧ. ಮೇಲೆ ಜೋಳದ ಕಣಿಕೆ ಹೊದಿಸಿದರೆ ಪೇಟೆಯ ಯಾವ ಗೋದಲಿಗೂ ಕಡಿಮೆಯಿಲ್ಲ. ಥರ್ಮೋಕೋಲ್ ಬರುವ ಮೊದಲು ನಮ್ಮ ಹಳ್ಳಿಯ ಮಕ್ಕಳು ಜೋಳದ ದಂಟಿನ ಬೆಂಡಿನಿಂದ ಬಂಡಿ, ಎತ್ತು ಮಾಡಿ ಆಡುತ್ತಿರಲಿಲ್ಲವೇ? ಅಜ್ಜಂದಿರೇ, ನಿಮ್ಮ ಕೈಗೆ ಆ ವಿದ್ಯೆ ಇನ್ನೂ ನೆನಪಿದೆ. ಕುರಿ, ಎತ್ತು, ಒಂಟೆಗಳನ್ನು ಬೆಂಡಿನಲ್ಲಿ ಮಾಡಿ ಮೊಮ್ಮಕ್ಕಳಿಗೆ ಕಲಿಸಿ.

ಹಾಲಿನ ಪುಡಿಯ ತಗಡಿನ ಡಬ್ಬಿಯಲ್ಲಿ ಒದ್ದೆ ಉಸುಕನ್ನು ಗಟ್ಟಿಯಾಗಿ ತುಂಬಿ. ಮೇಲೆ ಇದ್ದಿಲಿನಿಂದ ನಕ್ಷತ್ರ ಬರೆದು, ಗೆರೆಯ ಮೇಲೆ ಮೊಳೆ ಇಟ್ಟು ಸಾಲಾಗಿ ತೂತು ಹೊಡೆಯಿರಿ. ಉಸುಕು ಇರುವುದರಿಂದ ಡಬ್ಬಿ ನಗ್ಗುವುದಿಲ್ಲ. ಉಸುಕು ಚೆಲ್ಲಿ ಒಳಗೆ ಹಣತೆ ಇಡಿ. ಕತ್ತಲಲ್ಲಿ ಗೋಡೆಯ ಮೇಲೆ ನಕ್ಷತ್ರ ಮೂಡುತ್ತದೆ. ಪವಿತ್ರ ಬೈಬಲಿನಲ್ಲಿ ಗಿದ್ಯೋನನ ಮುನ್ನೂರು ಜನ ಖಾಲಿ ಕೊಡಗಳ ಒಳಗೆ ಪಂಜುಗಳನ್ನು ಹಿಡಿದು ಹೋದ ಕಥೆ ಮಕ್ಕಳಿಗೆ ಗೊತ್ತಿದೆಯಲ್ಲ?

ತಂಪು ಪಾನೀಯದ ಬಾಟಲಿ ತಿರುಗಿಸಿ ಅದರ ತಳ ನೋಡಿ. ಸಾಮಾನ್ಯವಾಗಿ ಐದು ಉಬ್ಬುಗಳಿರುತ್ತವೆ. ಒಳಗಿನ ಗಾಳಿಯ ಒತ್ತಡವನ್ನು ತಾಳಿಕೊಂಡು ಬಾಟಲಿ ನೆಟ್ಟಗೆ ನಿಲ್ಲಲೆಂದು ಹಾಗೆ ಮಾಡಿರುತ್ತಾರೆ. ಆ ತಳವನ್ನು ಕತ್ತರಿಸಿದರೆ ಐದು ಎಸಳಿನ ಹೂವೂ ಹೌದು, ಐದು ಮೂಲೆಯ ನಕ್ಷತ್ರವೂ ಹೌದು. ದಾರದಲ್ಲಿ ಪೋಣಿಸಿದರೆ ತೋರಣ. ಬಿಸ್ಕತ್ತಿನ ಪೊಟ್ಟಣದ ಒಳಮೈಯ ಬೆಳ್ಳಿ ಬಣ್ಣ, ಮಿಠಾಯಿ ಪೆಟ್ಟಿಗೆಯ ರಟ್ಟು, ದೀಪಾವಳಿ ಮುಗಿದ ಮೇಲೆ ನೆರೆಮನೆಯವರು ಇಳಿಸಿಟ್ಟ ಆಕಾಶಬುಟ್ಟಿಯ ಬಿದಿರ ಕಡ್ಡಿ, ಇಷ್ಟಿದ್ದರೆ ಬಾಗಿಲ ಮುಂದಿನ ನಕ್ಷತ್ರವೂ ಆಯಿತು. ಕಡ್ಡಿ ಕೇಳುವ ನೆಪದಲ್ಲಿ ನೆರೆಯವರ ಮನೆಗೂ ಹೋಗಿಬಂದಂತಾಯಿತು.

ಮೊಸರಿನ ಕಪ್ಪು ತಂದ ಪುಟಾಣಿಗಳು ತಳಕ್ಕೆ ಎರಡು ತೂತು ಮಾಡಿಸಿ, ಮಣ್ಣು ತುಂಬಿ, ರಾತ್ರಿ ನೆನೆಸಿದ ಗೋಧಿ ಬಿತ್ತಿರಿ. ದಿನಾಲೂ ನೀರು ಚಿಮುಕಿಸಿ. ಕ್ರಿಸ್ಮಸ್ ಹೊತ್ತಿಗೆ ಗೋದಲಿಯ ಮುಂದೆ ಹಸಿರು ಪೈರು ನಿಂತಿರುತ್ತದೆ. ಹಿಮದ ಹೆಸರಿನಲ್ಲಿ ಅರಳೆ ಅಂಟಿಸುವುದಕ್ಕಿಂತ ಅದು ನಮಗೆ ಒಪ್ಪುತ್ತದೆ. ಬೀದರಿನಲ್ಲಿ ಚಳಿ ಬೀಳುತ್ತದೆ, ಹಿಮ ಬೀಳುವುದಿಲ್ಲ. ಇಲ್ಲಿ ಈ ದಿನಗಳಲ್ಲಿ ಹೊಲದಲ್ಲಿ ನಿಂತಿರುವುದು ಜೋಳ, ಕಡಲೆ, ತೊಗರಿ.

ಎರಡು ಎಚ್ಚರಿಕೆ. ಪ್ಲಾಸ್ಟಿಕ್ ಡಬ್ಬಿಯ ಒಳಗೆ, ಕಣಿಕೆಯ ಹತ್ತಿರ ಎಂದಿಗೂ ದೀಪ ಹಚ್ಚಬೇಡಿ. ಹೊಲಕ್ಕೆ ಹೊಡೆಯುವ ಔಷಧಿಯ ಡಬ್ಬಿಗಳನ್ನು ಎಷ್ಟೇ ತೊಳೆದರೂ ಇದಕ್ಕೆ ಬಳಸಬೇಡಿ, ಮಕ್ಕಳ ಕೈಗೆ ಕೊಡಬೇಡಿ.

ಎಸೆಯಲ್ಪಟ್ಟವರು

ಪ್ರಿಯರೇ, ಡಬ್ಬಿಯ ಮಾತು ಇಲ್ಲಿಗೆ ಮುಗಿದರೆ ಇದು ಒಂದು ಕರಕುಶಲ ತರಗತಿಯಾದೀತು. ಪ್ರಬೋಧನೆಯಾಗಬೇಕಾದರೆ ಇನ್ನೊಂದು ಹೆಜ್ಜೆ ಇಡಬೇಕು.

ಬೀದರಿನ ಬಿದರಿ ಕಲೆ ಲೋಕಕ್ಕೆಲ್ಲ ಗೊತ್ತು. 2006ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ನಮ್ಮೂರಿನ ಬಿದರಿ ಕಲಾವಿದರಾದ ಶಾ ರಶೀದ್ ಅಹಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಆ ಹೂಜಿಗಳ ಮೂಲ ಲೋಹ ಬಂಗಾರವಲ್ಲ. ಬಹುಪಾಲು ಸತುವು, ಜೊತೆಗೆ ಸ್ವಲ್ಪ ತಾಮ್ರ. ಕೆತ್ತಿದ ಗೆರೆಗಳಲ್ಲಿ ಬೆಳ್ಳಿಯ ತಂತಿ ಕೂರಿಸುತ್ತಾರೆ. ಆದರೂ ಆ ಹೊತ್ತಿಗೆ ಎಲ್ಲವೂ ಒಂದೇ ಬಣ್ಣ, ಬೆಳ್ಳಿ ಎಲ್ಲಿದೆ ಎಂದು ಸರಿಯಾಗಿ ಕಾಣುವುದಿಲ್ಲ. ಕೊನೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಕಲಸಿ ಹಚ್ಚುತ್ತಾರೆ. ಆಗ ಸತುವು ಕಪ್ಪಾಗುತ್ತದೆ, ಬೆಳ್ಳಿ ಫಳಫಳ ಹೊಳೆಯುತ್ತದೆ. ಯಾರೂ ಕಾಲಿಡದ ಮೂಲೆಯ ಆ ಮಣ್ಣಿಲ್ಲದೆ ಬಿದರಿ ಇಲ್ಲ. ಬೆಳ್ಳಿಯನ್ನು ಬೆಳ್ಳಿಯೆಂದು ತೋರಿಸುವುದೇ ಆ ಮಣ್ಣು.

ದೇವರ ಕೆಲಸವೂ ಹೀಗೆಯೇ ಇದೆ. ಕಟ್ಟುವವರು ಬೇಡವೆಂದ ಕಲ್ಲೇ ಮೂಲೆಗಲ್ಲಾಯಿತು ಎಂದು ಕೀರ್ತನಕಾರರು ಹಾಡುತ್ತಾರೆ. ನಿಧಿಯನ್ನು ನಾವು ಮಣ್ಣಿನ ಪಾತ್ರೆಗಳಲ್ಲಿ ಇಟ್ಟುಕೊಂಡಿದ್ದೇವೆ ಎಂದು ಸಂತ ಪೌಲರು ಕೊರಿಂಥದವರಿಗೆ ಬರೆಯುತ್ತಾರೆ. ಹಾಗಾದರೆ ನಮ್ಮ ಮನೆ, ನಮ್ಮ ಓಣಿಗಳಲ್ಲಿ ‘ಇನ್ನು ಉಪಯೋಗವಿಲ್ಲ’ ಎಂದು ನಾವು ಮೂಲೆಗೆ ಸರಿಸಿದವರು ಯಾರು? ಕಣ್ಣು ಮಂಜಾಗಿ ಹೊರಗಿನ ಕಟ್ಟೆಯ ಮೇಲೆ ಕುಳಿತ ಅಜ್ಜಿ? ಮನೆಯವರು ಪುಣೆ, ಮುಂಬಯಿಗೆ ದುಡಿಯಲು ಹೋಗಿ, ಬೀಗ ಹಾಕಿದ ಮನೆಯ ಪಕ್ಕದಲ್ಲಿ ಒಬ್ಬರೇ ಉಳಿದ ಹಿರಿಯರು? ಕುಡಿತಕ್ಕೆ ಬಿದ್ದನೆಂದು ಮಾತು ಬಿಟ್ಟ ತಮ್ಮ? ಪರೀಕ್ಷೆಯಲ್ಲಿ ನಪಾಸಾದ ಮಗ?

ಇನ್ನೊಬ್ಬರಿದ್ದಾರೆ. ಬೆಳಿಗ್ಗೆ ಗೋಣಿಚೀಲ ಹೆಗಲಿಗೆ ಹಾಕಿಕೊಂಡು ಭಂಗಾರ ಆಯುವವರು, ತಳ್ಳುಗಾಡಿ ತಳ್ಳುತ್ತ ಕೂಗಿ ಬರುವವರು. ನಾವು ಎಸೆದದ್ದನ್ನು ಎತ್ತಿ ನಮ್ಮ ಊರನ್ನು ಸ್ವಚ್ಛ ಇಡುವವರು ಅವರೇ. ಒಡೆದ ಗಾಜಿನಿಂದ ಕೈ ಕೊಯ್ದುಕೊಳ್ಳುವವರೂ ಅವರೇ. ಅವರ ಹೆಸರೇನೆಂದು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ಅಂದಿನ ಕುರುಬರನ್ನೂ ನೆನೆಯಿರಿ. ರಾತ್ರಿ ಎಚ್ಚರವಿದ್ದು ಹೊರಗೆ ದುಡಿಯುತ್ತಿದ್ದವರಿಗೇ ದೇವದೂತರ ಮೊದಲ ಸುದ್ದಿ ತಲುಪಿತು. ಇಂದು ದೂತರು ನಮ್ಮ ಬೀದರಿಗೆ ಬಂದರೆ ಮೊದಲು ಯಾರ ಗಾಡಿಯ ಬಳಿ ನಿಲ್ಲುತ್ತಾರೋ ಯೋಚಿಸಿ.

ಮೂರು ನಿರ್ಧಾರ

ಕೊನೆಯದಾಗಿ, ಈ ಕ್ರಿಸ್ಮಸ್ಸಿಗೆ ಮೂರು ನಿರ್ಧಾರ ಮಾಡೋಣ.

ಮೊದಲನೆಯದು, ಸಿಂಗಾರಕ್ಕೆಂದು ಯಾವ ಮನೆಯೂ ಸಾಲ ಮಾಡಬಾರದು. ಯಾರ ಗೋದಲಿಯನ್ನೂ ಯಾರೂ ಚಿಕ್ಕದೆನ್ನಬಾರದು. ಹಾಗೆ ಅಂದವರಿಗೆ ನನ್ನ ಎರಡು ಅಂಕದ ಕಥೆ ನೆನಪಿಸಿ.

ಎರಡನೆಯದು, ಪ್ರತಿ ಮನೆಯ ಗೋದಲಿಯ ಪಕ್ಕದಲ್ಲಿ ಒಂದು ಖಾಲಿ ಡಬ್ಬಿ ಇರಲಿ. ಕೊಳ್ಳಬೇಕೆಂದಿದ್ದ ನಕ್ಷತ್ರದ, ಲೈಟಿನ ಸರದ ದುಡ್ಡು ಅದರೊಳಗೆ ಬೀಳಲಿ. ಹತ್ತು ರೂಪಾಯಿಯಾದರೂ ಸರಿ. ಹೊಸ ವರ್ಷದ ದಿನ ಅವನ್ನೆಲ್ಲ ಪೀಠದ ಮುಂದೆ ತಂದು ಕೂಡಿಸೋಣ. ಒಂದು ಮಗುವಿನ ಶಾಲೆಯ ಶುಲ್ಕವೋ, ಒಬ್ಬರ ಔಷಧಿಯೋ ಅದರಿಂದ ಆಗಲಿ. ಎರಡು ಅಂಗಿ ಇದ್ದವನ ಮಾತಿಗೆ ನಮ್ಮ ಉತ್ತರ ಅದೇ.

ಮೂರನೆಯದು, ಹಬ್ಬದ ಮರುದಿನ ಏನನ್ನೂ ಸುಡಬಾರದು. ಇಡುವಂಥದನ್ನು ಮುಂದಿನ ವರ್ಷಕ್ಕೆ ಇಡಿ. ಉಳಿದದ್ದನ್ನು ತೊಳೆದು, ಬೇರೆ ಬೇರೆ ಮಾಡಿ, ಗಾಜಿದ್ದರೆ ಕಾಗದದಲ್ಲಿ ಸುತ್ತಿ ಭಂಗಾರದವರ ಕೈಗೆ ಕೊಡಿ. ಅದರ ಜೊತೆಗೆ ಒಂದು ತಟ್ಟೆ ಕರ್ಚಿಕಾಯಿ, ಚಕ್ಕುಲಿ ಕೊಡಿ. ಹೆಸರು ಕೇಳಿ. ‘ಒಳಗ ಬರ್ರಿ, ನಮ್ಮ ಗೋದಲಿ ನೋಡ್ರಿ’ ಎಂದು ಕರೆಯಿರಿ. ತಾವು ದಿನಾಲೂ ಎತ್ತುವ ಡಬ್ಬಿಯಲ್ಲಿ ದೇವರ ಮಗು ಮಲಗಿರುವುದನ್ನು ಅವರೂ ನೋಡಲಿ.

ಮೂವರು ರಾಯರು ಬಂಗಾರ ತಂದರು. ನಮ್ಮ ಬಳಿ ಇರುವುದು ಭಂಗಾರ. ಅದನ್ನೇ ನಾಚದೆ ತರೋಣ. ಸೆರಗಿನಲ್ಲಿ ಮುಚ್ಚಿಟ್ಟುಕೊಂಡವರು ಈಗ ಕಾಣಿಕೆಯ ಮೆರವಣಿಗೆಯಲ್ಲಿ ನಿಮ್ಮ ಡಬ್ಬಿಯನ್ನೂ ತಂದು ಇಲ್ಲಿಡಿ.

ಪ್ರಾರ್ಥಿಸೋಣ. ಗೋದಲಿಯನ್ನು ತೊಟ್ಟಿಲಾಗಿ ಸ್ವೀಕರಿಸಿದ ಪ್ರಭು ಯೇಸುವೇ, ನಮ್ಮ ಖಾಲಿ ಕೈಗಳನ್ನೂ ಖಾಲಿ ಮನಸ್ಸುಗಳನ್ನೂ ನಿಮ್ಮ ಮುಂದೆ ಇಡುತ್ತೇವೆ. ನಾವು ಬೇಡವೆಂದು ಎಸೆದವರಲ್ಲಿ ನಿಮ್ಮನ್ನು ಕಾಣುವ ಕಣ್ಣು ಕೊಡಿರಿ. ನಮ್ಮ ಬೀದರ, ಭಾಲ್ಕಿ, ಔರಾದಿನ ಪ್ರತಿ ಮನೆಯಲ್ಲಿ, ಪತ್ರಾದ ಮನೆಯಲ್ಲೂ ಮಾಳಿಗೆಯ ಮನೆಯಲ್ಲೂ, ಬಂದು ಜನಿಸಿರಿ. ಊರಿಗೆ ಮರಳುವ ದಾರಿಯಲ್ಲಿರುವ ನಮ್ಮವರನ್ನು ಸುಖವಾಗಿ ಮನೆ ಮುಟ್ಟಿಸಿರಿ. ಆಮೆನ್.

ನಿಮಗೂ ನಿಮ್ಮ ಮನೆಯವರಿಗೂ ಕ್ರಿಸ್ತ ಜಯಂತಿಯ ಶುಭಾಶಯಗಳು.